ಒಂದು ಇಂಚು ಹದಿನೆಂಟು ಸೆಂಟ್ಸ್

ಮೂಡಿಗೆರೆಯಿಂದ ದೇವರಮನೆ ಕಡೆ ಹೋಗುವ ರಸ್ತೆಯಲ್ಲಿ ತಮ್ಮಯ್ಯಗೌಡರದ್ದು ಮೂವತ್ತು ಎಕರೆ ಕಾಫಿ ತೋಟ. ಆ ಮನೆಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಮಳೆ ಅಳೆಯುವ ಕೆಲಸ ಕಿರಿ ಸೊಸೆ ರೂಪಶ್ರೀಯದು. ಇದೂ ಒಂದು ಕೆಲಸವಾ ಅಂತ ಕೇಳಬೇಡಿ. ಕಾಫಿ ಬೆಳೆಯುವವರ ಮನೆಯಲ್ಲಿ ಹಾಲು ಉಕ್ಕಿಸಿದರೆ ಒಂದು ಬೈಗುಳಕ್ಕೆ ಮುಗಿಯುತ್ತದೆ, ಮಳೆ ಅಳೆಯೋದು ಮರೆತರೆ ವಾರಗಟ್ಟಲೆ ಕೇಳಬೇಕು. ಅಂಗಳದಾಚೆ ಕಟ್ಟೆಯ ಮೇಲೆ ತಗಡಿನ ಡಬ್ಬಿ, ಅದರ ಬಾಯಿಗೊಂದು ಆಲಿಕೆ. ಹಿಂದಿನ ದಿನದಿಂದ ಬಿದ್ದ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ ಕಣ್ಣಿನ ನೇರಕ್ಕೆ ಹಿಡಿದು ಓದಬೇಕು. ನೂರು ಸೆಂಟ್ಸ್ ಆದರೆ ಒಂದು ಇಂಚು.

ಎಪ್ಪತ್ತಾರು ವರ್ಷದ ಗೌಡರು ಜಗಲಿಯಲ್ಲಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

"ಎಷ್ಟಾಯ್ತು ಮಗಾ?"

"ಮೂವತ್ತೆರಡು ಮಾವಯ್ಯ!" ಅಂತ ರೂಪ ಕೂಗಬೇಕು, ಯಾಕಂದರೆ ಅವರ ಕಿವಿ ಮಂದ. ಆಮೇಲೆ ಶುರು ನೋಡಿ. ಹನ್ನೊಂದು ಮನೆಗೆ ಫೋನು. ಹನ್ನೊಂದು ಮನೆಗೂ ಅದೇ ಮಾತು: "ನಮ್ದು ಮೂವತ್ತೆರಡು. ನಿಮ್ದು?" ಮೊದಲ ಫೋನು ಯಾವಾಗಲೂ ಚಿಕ್ಕಮಗಳೂರಿನಲ್ಲಿರುವ ಹಿರಿಮಗ ಶಂಕರನ ಮನೆಗೆ. ಶಂಕರ ಕಂಟ್ರಾಕ್ಟ್ ಕೆಲಸದವನು, ಬೆಳಗಾಗುವ ಮೊದಲೇ ಸೈಟಿಗೆ ಹೋಗಿರುತ್ತಿದ್ದ. ಫೋನೆತ್ತುವವಳು ಅವನ ಹೆಂಡತಿ ಪ್ರೇಮಕುಮಾರಿ. ಆ ಟೌನ್ ಮನೆಯಲ್ಲಿ ಯಾವ ಕಾಫಿ ಹೂವಾಗಬೇಕಿತ್ತೋ ದೇವರೇ ಬಲ್ಲ. ಆದರೂ ಮನೆತನದ ಲೆಕ್ಕದಲ್ಲಿ ಹಿರಿ ಸೊಸೆಗೇ ಮೊದಲು ಗೊತ್ತಾಗಬೇಕು, ಅದು ಗೌಡರ ಪದ್ಧತಿ.

ಎರಡು ಸಾವಿರದ ಆರನೇ ಇಸವಿಯಲ್ಲಿ ರೂಪಳ ಗಂಡ ರಾಜೇಶ್ ಕಾಫಿ ರೇಟು ನೋಡೋದಕ್ಕೆ ಅಂತ ಕಂಪ್ಯೂಟರ್ ತಂದ. ಫೋನಿನ ತಂತಿಯನ್ನೇ ಅದಕ್ಕೆ ಸಿಕ್ಕಿಸಿದರೆ ಕಿರ್ ಕುರ್ ಅಂತ ಒದರಿ ಇಂಟರ್‌ನೆಟ್ ಬರುತ್ತಿತ್ತು. ಎರಡು ತಿಂಗಳಲ್ಲಿ ಅವನ ಉತ್ಸಾಹ ಇಳಿಯಿತು. ಕಂಪ್ಯೂಟರು ರೂಪಳ ಪಾಲಿಗೆ ಬಂತು. ಮಧ್ಯಾಹ್ನ ಎರಡರಿಂದ ನಾಲ್ಕು, ಮಾವ ಮಲಗಿದ ಹೊತ್ತು, ಅವಳದು.

ಆಗ ಎಲ್ಲರೂ ಆರ್ಕುಟ್ ಆರ್ಕುಟ್ ಅನ್ನುತ್ತಿದ್ದ ಕಾಲ. ಅದರೊಳಗೆ 'ಹಿತ್ಲಬಾಗ್ಲು' ಅಂತ ಒಂದು ಕಮ್ಯೂನಿಟಿ ಅವಳಿಗೆ ಸಿಕ್ಕಿತು. ನಲವತ್ತು ಚಿಲ್ಲರೆ ಹೆಂಗಸರು, ಎಲ್ಲ ಕಾಫಿ ಸೀಮೆಯವರು. ಯಾರೂ ಹೆಸರು ಹೇಳುವಂತಿಲ್ಲ, ಊರು ಹೇಳುವಂತಿಲ್ಲ, ಫೋಟೋ ಅಂತೂ ಕೂಡದೇ ಕೂಡದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿಕೊಂಡು ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕೋದು, ಅಷ್ಟೇ. ಒಬ್ಬಳು ಗ್ಯಾಸ್ ಸಿಲಿಂಡರ್ ಬಾರದ್ದಕ್ಕೆ ಅತ್ತರೆ ಇನ್ನೊಬ್ಬಳು ಮಗಳು ಮೈನೆರೆದ ಸುದ್ದಿ ಹೇಳುತ್ತಿದ್ದಳು. ಮಗದೊಬ್ಬಳು ಗಂಡನನ್ನು ಬಿಟ್ಟು ತವರಿಗೆ ಬಂದ ದಿನ ಇಪ್ಪತ್ತು ಜನ ಅವಳ ಜೊತೆ ಕೂತು ಬರೆದರು. ರೂಪ ಅಲ್ಲಿ 'ಚಕ್ಕೋತ' ಆದಳು. ಹಿತ್ತಲಿನಲ್ಲಿ ಆ ಮರ ಕಾಣುತ್ತಿತ್ತು, ಬೇರೆ ಹೆಸರು ಹೊಳೆಯಲಿಲ್ಲ.

ಒಂದು ಅಭ್ಯಾಸ ಮಾತ್ರ ಹೆಚ್ಚಿನವರಿಗೆ ಇತ್ತು. ಬರೆಯುವ ಮೊದಲು ಮಳೆ ಹೇಳೋದು. "ಇವತ್ತು ನಲವತ್ತು ಸೆಂಟ್ಸ್. ಅತ್ತೆಗೆ ಮತ್ತೆ ಮಂಡಿನೋವು," ಹೀಗೆ. ಕಾಫಿ ಸೀಮೆಯವರು ಎದುರಾದರೆ ಮೊದಲು ಮಳೆ ಕೇಳುತ್ತಾರೆ, ಯೋಗಕ್ಷೇಮ ಆಮೇಲೆ. ಬಾಯಿಗೆ ಬಂದ ರೂಢಿ ಬೆರಳಿಗೂ ಬಂತು. ರೂಪಳೂ ದಿನಾ ಬರೆದಳು. ಮಳೆ ಹೇಳಿದರೆ ಹೆಸರು ಹೇಳಿದ ಹಾಗಾಗುತ್ತದೆಯಾ ಅಂತ ಅವಳು ಯೋಚಿಸಲೇ ಇಲ್ಲ, ಪಾಪ.

ಅಲ್ಲಿ 'ದೊಡ್ಡಪತ್ರೆ' ಅಂತ ಒಬ್ಬಳಿದ್ದಳು. ಮಳೆ ಲೆಕ್ಕ ಬರೆಯುವವಳಲ್ಲ. ಕೊಡಗಿನವಳು, ವಯಸ್ಸಿನಲ್ಲಿ ತುಸು ಹಿರಿಯಳು ಅಂತ ರೂಪ ಅಂದುಕೊಂಡಿದ್ದಳು. ಅವಳ ಗಂಡ ವಾರಕ್ಕೆ ಮೂರು ಸಲ ಕುಡಿದು ಬಂದು, ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡು, ಒಂದು ಮಾತಾಡದೆ ಮಲಗುತ್ತಾನಂತೆ. "ನಾನು ಈ ಮನೆಯ ನೆಂಟಳು ಕಣೆ ಚಕ್ಕೋತ," ಅಂತ ಒಮ್ಮೆ ಬರೆದಿದ್ದಳು. ರೂಪ ಅದನ್ನೋದಿ ಕಣ್ಣೀರು ಹಾಕಿದ್ದಳು. ಸ್ವಂತ ಅಕ್ಕನಿಲ್ಲದ ರೂಪಳಿಗೆ ದೊಡ್ಡಪತ್ರೆ ಅಕ್ಕನೇ ಆಗಿಬಿಟ್ಟಳು. ಇವಳು ಒಂದು ಸಾಲು ಬರೆದರೆ ಅವಳು ಹತ್ತು ಸಾಲು ಕೇಳುತ್ತಿದ್ದಳು. ಆಮೇಲೇನಾಯ್ತು, ಅವರೇನಂದ್ರು, ನೀನೇನಂದೆ. ಅಷ್ಟು ಕೇಳುವವರು ಆ ಮನೆಯಲ್ಲಿ ಯಾರಿದ್ದರು ಹೇಳಿ.

ರೂಪಳಿಗೆ ಇದ್ದದ್ದು ಒಂದೇ ಆಸೆ, ಕಣದ ಮನೆ. ಕಾಫಿ ಒಣಗಿಸುವ ಕಣದ ಪಕ್ಕ ಮೂರು ಕೋಣೆಯ ಹೆಂಚಿನ ಮನೆ, ಹಿಂದೆ ಕಾಫಿ ಮೂಟೆ ಇಡುತ್ತಿದ್ದದ್ದು, ಈಗ ಹಳೇ ಪಂಪು ಮುರುಕು ಏಣಿ ತುಂಬಿಕೊಂಡು ಬಿದ್ದಿತ್ತು. ಹೋಂಸ್ಟೇ ಅನ್ನೋ ಮಾತು ಆಗಷ್ಟೇ ಮೂಡಿಗೆರೆ ಸೀಮೆಗೆ ಬಂದಿತ್ತು. ಆ ಮನೆಗೆ ಸುಣ್ಣ ಬಳಿದು, ದೇವರಮನೆ ಗುಡ್ಡ ನೋಡಲು ಬರುವವರಿಗೆ ಊಟ ಹಾಕಿ, ತನ್ನದು ಅಂತ ಒಂದು ಮಾಡಬೇಕು. ಹದಿನಾಲ್ಕು ವರ್ಷ ಈ ಮನೆಯಲ್ಲಿ ದುಡಿದವಳಿಗೆ ತನ್ನದು ಅನ್ನೋಕೆ ಟ್ರಂಕು ಬಿಟ್ಟರೆ ಏನೂ ಇರಲಿಲ್ಲ. ರಾಜೇಶನನ್ನು ಕೇಳಿದರೆ "ಅಪ್ಪ ಹೂಂ ಅಂದ್ರೆ ನಂದೇನಿಲ್ಲ ಮಾರಾಯ್ತಿ," ಅಂದು ಕೈತೊಳೆದುಕೊಂಡ. ಎಲ್ಲ ಮಾವನ ಒಂದು ಹೂಂ ಮೇಲೆ ನಿಂತಿತ್ತು.

ಆ ಹೂಂ ಸಿಗುತ್ತದೆ ಅಂತ ರೂಪಳಿಗೆ ಧೈರ್ಯವಿತ್ತು. ಅದಕ್ಕೆ ಕಾರಣವೂ ಇತ್ತು, ಬಾಯಿಬಿಟ್ಟು ಹೇಳುವಂಥದ್ದಲ್ಲ. ಎರಡು ವರ್ಷದಿಂದ ಗೌಡರಿಗೆ ಹಾಸಿಗೆಯಲ್ಲಿ ಉಚ್ಚೆ ನಿಲ್ಲುತ್ತಿರಲಿಲ್ಲ. ದಿನಾ ಅಲ್ಲ, ವಾರಕ್ಕೆರಡು ಸಲ. ಅಂಥ ದಿನ ಬೆಳಕು ಹರಿಯುವ ಮೊದಲು ಅವರು ಬೆಡ್‌ಶೀಟನ್ನು ಸುರುಟಿ ಬಚ್ಚಲ ಹಿಂದೆ ಇಟ್ಟು ಹೋಗುತ್ತಿದ್ದರು. ಕೆಲಸದ ಗಿಡ್ಡಮ್ಮ ಬರುವುದರೊಳಗೆ ರೂಪ ಅದನ್ನು ಒಗೆದು ಹರವಿ ಮುಗಿಸುತ್ತಿದ್ದಳು. ಈ ವಿಷಯ ಅವರಿಬ್ಬರ ನಡುವೆ ಒಂದು ದಿನವೂ ಮಾತಿಗೆ ಬರಲಿಲ್ಲ. ರಾಜೇಶನಿಗೂ ಗೊತ್ತಿರಲಿಲ್ಲ. ಅಂಥ ದಿನ ಮಾತ್ರ ಅವಳು ಕಾಫಿ ತಂದರೆ ಗೌಡರು ತಕ್ಷಣ ಲೋಟ ಮುಟ್ಟುತ್ತಿರಲಿಲ್ಲ. "ಕೂತ್ಕೋ ಮಗಾ. ಮೊದ್ಲು ನೀನು ಕುಡಿ," ಅನ್ನುತ್ತಿದ್ದರು. ಊರಿನ ಎದುರು ಮೀಸೆ ತಿರುವಿಕೊಂಡು ನಡೆದ ಮನುಷ್ಯ ಸೊಸೆಗೆ ಅಷ್ಟು ಹೇಳಿದರೆ ಬೇರೇನು ಬೇಕು.

ಆದರೆ ಮನುಷ್ಯರ ಮೈ ಕಬ್ಬಿಣದ್ದಲ್ಲವಲ್ಲ. ಎರಡು ಸಾವಿರದ ಏಳರ ಜುಲೈನಲ್ಲಿ ಒಂದೇ ವಾರ ನಾಲ್ಕು ಸಲ ಆಯಿತು. ಬಿಸಿಲಿನ ಮುಖ ಕಾಣದ ತಿಂಗಳು, ಒಗೆದದ್ದು ಒಣಗದೆ ಮುಗ್ಗಲು ಹಿಡಿಯಿತು. ಒಲೆಯ ಮೇಲೆ ಹಗ್ಗ ಕಟ್ಟಿ ಹರವಿದರೆ ಅಡುಗೆಮನೆಯೆಲ್ಲ ಅದೇ ವಾಸನೆ. ಅವತ್ತು ರಾಜೇಶ ಸಾರಿಗೆ ಉಪ್ಪು ಸಾಲದು ಅಂತ ತಟ್ಟೆ ತಳ್ಳಿ ಎದ್ದುಹೋದ. ರೂಪ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತು ಕುಟ್ಟಿದಳು: "ಇವತ್ತು ನಾಲ್ಕು ಇಂಚು ಅರವತ್ತೊಂದು. ಮಾವ ಹಾಸಿಗೆ ಒದ್ದೆ ಮಾಡ್ತಾರೆ. ಎರಡು ವರ್ಷದಿಂದ ನಾನೇ ಒಗೀತಿದ್ದೀನಿ. ಕೈ ವಾಸನೆ ಹೋಗ್ತಿಲ್ಲ. ಇನ್ನೆಷ್ಟು ವರ್ಷ ಅಂತ ಒಗೀಲಿ?"

ಹತ್ತು ನಿಮಿಷದಲ್ಲಿ ದೊಡ್ಡಪತ್ರೆಯ ಉತ್ತರ ಬಂತು. "ಅಳಬೇಡ್ವೇ. ನೀರಿಗೆ ಲಿಂಬೆಹಣ್ಣು ಹಿಂಡು, ವಾಸನೆ ಹೋಗ್ತದೆ. ನಿನ್ನಂಥ ಸೊಸೆ ಸಿಗೋಕೆ ಪುಣ್ಯ ಮಾಡಿರ್ಬೇಕು." ಅವತ್ತಿನಿಂದ ರೂಪ ಬಚ್ಚಲ ಹಿಂದಿನ ಒಗೆಯುವ ಕಲ್ಲಿನ ಮೇಲೆ, ಮಾವನ ಕಣ್ಣಿಗೂ ಬೀಳುವ ಹಾಗೆ, ಲಿಂಬೆಹಣ್ಣು ಇಟ್ಟುಕೊಂಡು ಹಿಂಡತೊಡಗಿದಳು. ವಾಸನೆ ಹೋಯಿತು. ಮನಸ್ಸೂ ಹಗುರಾಯಿತು.

ಮುಂದಿನ ಮಾರ್ಚಿನಲ್ಲಿ ಅವಳು ಮಾವನ ಹತ್ತಿರ ಕಣದ ಮನೆಯ ಮಾತೆತ್ತಿದಳು. ಗೌಡರು ಬೇಡ ಅನ್ನಲಿಲ್ಲ. "ಹೂಮಳೆ ಒಂದು ಆಗ್ಲಿ ಮಗಾ. ಆಮೇಲೆ ಕೂತು ಮಾತಾಡನ," ಅಂದರು. ಹೂಮಳೆ ಅಂದರೆ ಕಾಫಿಯ ಮೊಗ್ಗು ಅರಳಿಸುವ ಮಳೆ. ಒಂದಿಂಚು ಬಿದ್ದರೆ ವರ್ಷದ ಫಸಲು ಕೈಸೇರಿದ ಹಾಗೆ. ಅದು ಬರುವ ತನಕ ಪ್ಲಾಂಟರನ ಹತ್ತಿರ ಯಾವ ಮಾತೂ ಆಡುವಂತಿಲ್ಲ. ರೂಪ ಅದನ್ನೂ ದೊಡ್ಡಪತ್ರೆಗೆ ಬರೆದಳು. ಸುಣ್ಣದ ಬಣ್ಣ, ಕಿಟಕಿಯ ಪರದೆ, ಬೆಳಿಗ್ಗೆ ಕಡುಬು ಮಾಡೋದೋ ಅಕ್ಕಿರೊಟ್ಟಿಯೋ ಅನ್ನೋದರ ತನಕ ಬರೆದಳು.

ಮಾರ್ಚ್ ಹದಿನೆಂಟಕ್ಕೆ ಮಳೆ ಬಂತು. ಸಂಜೆ ಐದಕ್ಕೆ ಶುರುವಾಗಿ ಒಂದೂವರೆ ಗಂಟೆ ಹೊಡೆಯಿತು. ಬೆಳಿಗ್ಗೆ ಲೋಟಕ್ಕೆ ಬಗ್ಗಿಸಿ ನೋಡಿದರೆ ಒಂದು ಇಂಚು ಹದಿನೆಂಟು ಸೆಂಟ್ಸ್! ರೂಪ ಅಂಗಳದಲ್ಲೇ ಕೂಗಿದಳು. ಗೌಡರು ಕುರ್ಚಿಯಿಂದ ಎದ್ದೇ ನಿಂತರು. "ಭಾನ್ವಾರ ಶಂಕರನ್ನೂ ಬರ ಹೇಳ್ತೀನಿ. ಕಣದ ಮನೆ ಮಾತು ಮುಗಿಸಿಬಿಡನ," ಅಂದರು. ಮಾರ್ಚಿನ ಮಳೆಗೆ ಒಂದು ಗುಣ ಉಂಟು, ಎಲ್ಲರಿಗೂ ಸಮನಾಗಿ ಬರುವುದಿಲ್ಲ. ಅವತ್ತು ಬೇಲಿಯಾಚೆ ರೇವಣ್ಣನ ತೋಟಕ್ಕೆ ಬಿದ್ದದ್ದು ಇಪ್ಪತ್ತೇ ಸೆಂಟ್ಸ್. ಗೌಡರನ್ನು ಹಿಡಿಯುವವರಿಲ್ಲ. ಹನ್ನೊಂದು ಮನೆಗೆ ಫೋನು ಮಾಡಿದ್ದು ಸಾಲದು ಅಂತ ಇನ್ನೂ ನಾಲ್ಕು ಮನೆಗೆ ಮಾಡಿದರು.

ಅಷ್ಟು ಹೊತ್ತೂ ಫೋನ್ ತಂತಿಗೆ ಬಿಡುವಿರಲಿಲ್ಲ. ರೂಪ ಕೈ ಹಿಸುಕಿಕೊಂಡು ಕಾದಳು. ದೊಡ್ಡಪತ್ರೆಗೆ ಮೊದಲು ಹೇಳಬೇಕು ಅಂತ ಆತುರ. ಹತ್ತು ಗಂಟೆಗೆ ತಂತಿ ಸಿಕ್ಕಿಸಿ ಹಿತ್ಲಬಾಗ್ಲು ತೆರೆದಳು. ದೊಡ್ಡಪತ್ರೆ ಆಗಲೇ ಬರೆದಿದ್ದಳು: "ಚಕ್ಕೋತ, ಒಂದು ಇಂಚು ಹದಿನೆಂಟು ಬಂತಲ್ಲೇ! ಇನ್ನು ನಿನ್ನ ಕಣದ ಮನೆ ಆಯ್ತು ಅಂದ್ಕೋ."

ರೂಪ ಮೊದಲು ನಕ್ಕಳು. ಆಮೇಲೆ ಆ ಸಾಲನ್ನು ಮತ್ತೊಮ್ಮೆ ಓದಿದಳು. ಈ ಲೆಕ್ಕವನ್ನು ಅವಳಿನ್ನೂ ಬರೆದೇ ಇರಲಿಲ್ಲ.

ಗೊತ್ತಿದ್ದದ್ದು ಮಾವ ಫೋನು ಮಾಡಿದ ಮನೆಗಳಿಗೆ ಮಾತ್ರ. ದೊಡ್ಡಪತ್ರೆ ಬರೆದ ಹೊತ್ತು ಕೆಳಗೆ ಕಾಣುತ್ತಿತ್ತು, ಏಳು ಗಂಟೆ ಹನ್ನೆರಡು ನಿಮಿಷ. ಅಷ್ಟು ಹೊತ್ತಿಗೆ ಮಾವ ಮುಗಿಸಿದ್ದು ಒಂದೇ ಫೋನು. ಅದು ಚಿಕ್ಕಮಗಳೂರಿಗೆ.

ಅವಳು ಒಂದೊಂದೇ ಪುಟ ಹಿಂದಕ್ಕೆ ಹೋದಳು. ಪ್ರತಿ ದಿನದ ತಲೆಯಲ್ಲೂ ಅವಳೇ ಬರೆದ ಮಳೆ. ಮೂವತ್ತೆರಡು. ಎಪ್ಪತ್ತು. ನಾಲ್ಕು ಇಂಚು ಅರವತ್ತೊಂದು. ಬೆಳಿಗ್ಗೆ ಮಾವನ ಬಾಯಲ್ಲಿ ಕೇಳಿದ ಲೆಕ್ಕವನ್ನೇ ಮಧ್ಯಾಹ್ನ ಚಕ್ಕೋತಳ ಬರಹದಲ್ಲಿ ಓದಿದ ಪ್ರೇಮಕುಮಾರಿಗೆ ಗುರುತು ಹಿಡಿಯೋಕೆ ಎಷ್ಟು ದಿನ ಬೇಕಾಗಿದ್ದೀತು? ಮೂರು ದಿನ, ಹೆಚ್ಚೆಂದರೆ ನಾಲ್ಕು. ಹೆಸರು ಮುಚ್ಚಿ, ಊರು ಮುಚ್ಚಿ, ಬಾಗಿಲಿಗೆ ಮನೆ ನಂಬರು ರೂಪಳೇ ಬರೆದಿಟ್ಟಿದ್ದಳು ಪುಣ್ಯಾತ್ಗಿತ್ತಿ. ಎಲ್ಲ ಗೊತ್ತಿದ್ದೂ ಪ್ರೇಮಕುಮಾರಿ ಒಂದೂವರೆ ವರ್ಷ ಆಮೇಲೇನಾಯ್ತು, ಆಮೇಲೇನಾಯ್ತು ಅಂತ ಕೇಳಿದ್ದಳು! ರೂಪ ಅವತ್ತು ಅಡುಗೆ ಮಾಡದೆ ಕೂತು ತಾನು ಬರೆದದ್ದನ್ನೆಲ್ಲ ಅಳಿಸಿ ಹಾಕಿದಳು. ಅಳಿಸುವಾಗ ಒಂದೇ ಬೇಡಿಕೆ, ಜುಲೈ ತಿಂಗಳದ್ದನ್ನು ಅವಳು ಮರೆತಿರಲಿ.

ಭಾನುವಾರ ಶಂಕರ, ಪ್ರೇಮಕುಮಾರಿ ಕಾರಿನಲ್ಲಿ ಬಂದರು. ಪ್ರೇಮಕುಮಾರಿಯ ಬಗಲಲ್ಲಿ ಹಸಿರು ಫೈಲು. ಊಟವಾಗಿ ಎಲ್ಲ ಜಗಲಿಗೆ ಬಂದು ಕೂತರು. ತೋಟದ ರೈಟರ್ ಗುರುವಯ್ಯ ಹಾಜರಿ ಪುಸ್ತಕ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದ. ಕಾರ್ಮಿಕರ ಲೆಕ್ಕ ಒಪ್ಪಿಸೋದು ಅವನಿಗೆ ಭಾನುವಾರದ ಕೆಲಸ.

"ಮಾವಯ್ಯ, ನೀವು ಬೇಜಾರು ಮಾಡ್ಕೋಬಾರ್ದು," ಅಂತ ಪ್ರೇಮಕುಮಾರಿ ಶುರು ಮಾಡಿದಳು. "ಕಣದ ಮನೆ ಯಾರ ಕೈಗೆ ಕೊಡ್ತೀರಿ ಅನ್ನೋದು ನಿಮ್ಗೆ ಬಿಟ್ಟದ್ದು. ಆದ್ರೆ ಕೈ ಎಂಥದ್ದು ಅಂತ ನಿಮ್ಗೆ ಗೊತ್ತಿರ್ಲಿ. ರೂಪ ಈ ಮನೆ ವಿಷ್ಯ ಇಂಟರ್‌ನೆಟ್ಟಲ್ಲಿ ಊರಿಗೆಲ್ಲ ಬರೀತಿದ್ಲು. ಅವ್ಳು ಅಳಿಸೋ ಮೊದ್ಲೇ ಪ್ರಿಂಟ್ ತೆಗೆಸಿಟ್ಟಿದ್ದೆ, ತಂದಿದ್ದೀನಿ."

"ಅಕ್ಕಾ, ಬೇಡ," ಅಂದಳು ರೂಪ. "ನಿಮ್ಮ ಕಾಲಿಗೆ ಬೀಳ್ತೀನಿ."

"ಎಂತ? ಗಟ್ಟಿ ಹೇಳಮ್ಮ," ಅಂದರು ಗೌಡರು.

ಪ್ರೇಮಕುಮಾರಿ ಗಟ್ಟಿಯಾಗಿ ಓದಿದಳು. ಮಂದ ಕಿವಿಗೆ ಕೇಳಬೇಕಲ್ಲ, ಅಂಗಳಕ್ಕೂ ಕೇಳಿತು. ಮಾವ ಹನ್ನೊಂದು ಮನೆಗೆ ಒಂದೇ ಪಾಠ ಒಪ್ಪಿಸುತ್ತಾರೆ ಅನ್ನೋದನ್ನು ಓದಿದಾಗ ಗೌಡರು ನಕ್ಕರು ಕೂಡ. ರಾಜೇಶ ಎದ್ದುಹೋದ ಉಪ್ಪಿನ ಕತೆಗೆ ಶಂಕರ ತಮ್ಮನ ಮುಖ ನೋಡಿದ. ಆಮೇಲೆ ಜುಲೈ ಬಂತು. "ಮಾವ ಹಾಸಿಗೆ ಒದ್ದೆ ಮಾಡ್ತಾರೆ" ಅಂತ ಅವಳು ಪೂರ್ತಿ ಓದಿದಳು, ಕೊನೆಯ "ಇನ್ನೆಷ್ಟು ವರ್ಷ ಅಂತ ಒಗೀಲಿ" ತನಕ. ಗುರುವಯ್ಯ ಮೆಟ್ಟಿಲ ಹತ್ತಿರ ತಲೆ ತಗ್ಗಿಸಿ ಹಾಜರಿ ಪುಸ್ತಕ ತಿರುವಲು ಹತ್ತಿದ. ಹೊಲಸು ಬಾಯಿ ಅಂತ ಹೇಳೋಣ ಅಂದರೆ ಅವಳು ಓದಿದ ಒಂದೊಂದು ಅಕ್ಷರವೂ ರೂಪಳದೇ.

ಗೌಡರು ಬಹಳ ಹೊತ್ತು ಪಂಚೆಯ ಅಂಚು ಸರಿ ಮಾಡಿಕೊಂಡರು.

"ನಂಗೇ ಹೇಳ್ಬಹುದಿತ್ತು," ಅಂದರು ಕೊನೆಗೆ, ಯಾರನ್ನೂ ನೋಡದೆ. "ಬೇರೆ ಆಳಿಡ್ತಿದ್ದೆ."

ಅಷ್ಟೇ. ಕಣದ ಮನೆಯ ಬೀಗದ ಕೈ ಶಂಕರನ ಹತ್ತಿರ ಇರಲಿ ಅಂದರು. ಗುರುವಯ್ಯನನ್ನು ಕರೆದು, "ನಾಳೆಯಿಂದ ಮಳೆ ನೀನು ನೋಡು," ಅಂದರು. ರಾಜೇಶ ಒಳಗೆ ಬಂದು ಹೆಂಡತಿಯ ಎದುರು ನಿಂತು, "ಅಪ್ಪಂಗೆ ಹಿಂಗಾಗ್ತದೆ ಅಂತ ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ? ಯಾರೋ ಕಂಡೋರಿಗೆ ಹೇಳೋಕೆ ಬಾಯಿತ್ತು," ಅಂದ. ಅವನು ಕೇಳಿದ್ದರೆ ತಾನೇ ಅವಳು ಹೇಳೋದು.

ಹೊರಡುವ ಮುಂಚೆ ಪ್ರೇಮಕುಮಾರಿ ಕೈ ತೊಳೆಯಲು ಹಿತ್ತಲ ಬಾಗಿಲಿಗೆ ಬಂದಳು. ರೂಪ ಅಲ್ಲೇ ಚಕ್ಕೋತದ ಮರದ ಕಡೆ ಮುಖ ಮಾಡಿ ಕೂತಿದ್ದಳು.

"ಲಿಂಬೆಹಣ್ಣು ಹಿಂಡು ಅಂದೋರು ನೀವೇ ಅಲ್ವಾ ಅಕ್ಕ?"

"ನಾನು ಒಂದಕ್ಷರ ಸೇರ್ಸಿಲ್ಲ ರೂಪ."

"ಅಳಬೇಡ್ವೇ ಅಂದ್ರಲ್ಲ. ಅದೂ ಪ್ರಿಂಟ್ ತೆಗೆಸಿದ್ದೀರಾ?"

ಪ್ರೇಮಕುಮಾರಿ ಕೈಗೆ ನೀರು ಹಾಕಿಕೊಂಡಳು. "ಮೊದ್ಮೊದ್ಲು ನಂಗೂ ಮಾತಾಡೋಕೆ ಯಾರಿರ್ಲಿಲ್ಲ," ಅಂದಳು. "ನಾ ಬರ್ದದ್ದೂ ಸುಳ್ಳಲ್ಲ. ನೀನು ಅಂತ ಗೊತ್ತಾದ್ಮೇಲೆ ಹೇಳನ ಅಂದ್ಕೊಂಡೆ. ಹೇಳ್ಲಿಲ್ಲ. ನಿಂಗೆ ಕಣದ ಮನೆ ಸಿಕ್ಕಿದ್ರೆ ಈ ತೋಟದಲ್ಲಿ ನಾನು ಮತ್ತೂ ನೆಂಟಳೇ."

ನಿಂತುಕೊಂಡೇ ಉಣ್ಣುವ ಗಂಡ ಅಂಗಳದಲ್ಲಿ ಕಾರಿನ ಹಾರ್ನ್ ಒತ್ತುತ್ತಿದ್ದ. ರೂಪಳ ನಾಲಿಗೆಯ ತುದಿಗೆ ಬಂತು. ಅವನನ್ನು ಕರೆದು ದೊಡ್ಡಪತ್ರೆ ಬರೆದದ್ದನ್ನೆಲ್ಲ ಇಲ್ಲೇ ಒಪ್ಪಿಸಿಬಿಡಲಾ? ಒಂದೊಂದು ಸಾಲೂ ಬಾಯಿಪಾಠ ಇತ್ತು ಅವಳಿಗೆ. ಒಪ್ಪಿಸಲಿಲ್ಲ. ಒಳ್ಳೆಯತನಕ್ಕಲ್ಲ. ಜಗಲಿಯಲ್ಲಿ ಕೂತ ಮುದುಕ ಮತ್ತೊಂದು ಓದು ಕೇಳಲಾರ ಅಂತ. ಒಪ್ಪಿಸಬೇಕಿತ್ತು ಅಂತ ಅವಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಮರುದಿನ ರೂಪಳಿಗೆ ರೂಢಿಯಂತೆ ಬೇಗ ಎಚ್ಚರವಾಯಿತು. ಮಳೆ ನೋಡುವ ಕೆಲಸ ಇಲ್ಲ ಅಂತ ನೆನಪಾಗಿ ಮತ್ತೆ ಮಗ್ಗುಲು ಬದಲಿಸಿದಳು. ಆಗ ಬಚ್ಚಲ ಹಿಂದಿನಿಂದ ಬಟ್ಟೆ ಕುಕ್ಕುವ ಸದ್ದು ಕೇಳಿಸಿತು. ಗಿಡ್ಡಮ್ಮ ಇಷ್ಟು ಬೇಗ ಬರುವವಳಲ್ಲ. ಎದ್ದು ಹೋಗಿ ನೋಡಿದಳು.

ಮಾವ ಪಂಚೆಯನ್ನು ಮೇಲೆ ಕಟ್ಟಿ ಒಗೆಯುವ ಕಲ್ಲಿನ ಮುಂದೆ ಬಗ್ಗಿದ್ದರು. ಒದ್ದೆ ಬೆಡ್‌ಶೀಟಿನ ಭಾರಕ್ಕೆ ಎತ್ತಿದ್ದು ಅರ್ಧಕ್ಕೇ ಜಾರಿ ಬೀಳುತ್ತಿತ್ತು. ಕಲ್ಲಿನ ಅಂಚಿನಲ್ಲಿ ಹೋಳು ಮಾಡಿದ ಒಂದು ಲಿಂಬೆಹಣ್ಣು.

"ಮಾವಯ್ಯ, ಕೊಡಿ ಇಲ್ಲಿ," ಅಂತ ರೂಪ ಓಡಿಹೋಗಿ ಅದರ ಒಂದು ಅಂಚು ಹಿಡಿದಳು.

ಅವರು ಇನ್ನೊಂದು ಅಂಚು ಬಿಡಲಿಲ್ಲ. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಮನೆಗೆ ಬಂದ ಹೊರಗಿನವರ ಹತ್ತಿರ ಮಾತಾಡುವಷ್ಟೇ ಮರ್ಯಾದೆಯಿಂದ ಹೇಳಿದರು.

"ಬೇಡಮ್ಮ, ಬಿಡು. ಇದನ್ನೂ ಬರೀಬೇಕಾಗ್ತದೆ ನಿಂಗೆ."

ರೂಪ ಕೈ ಬಿಟ್ಟಳು. ಅವರು ಉಳಿದ ಲಿಂಬೆಹಣ್ಣನ್ನು ಹಿಂಡಿ ಮತ್ತೆ ಒಗೆಯತೊಡಗಿದರು.